ಅವ್ವ ಕೂತು ಉಣ್ಣುವಂಥ ಹೋಟೆಲ್

ಬೀದರ್ ಜಿಲ್ಲೆಯ ಹಳ್ಳಿಖೇಡ (ಬಿ) ಪೇಟೆಯಲ್ಲಿ ನಮ್ಮದೊಂದು ಮಾಳಿಗೆ ಮನೆ ಇತ್ತು. ಮಣ್ಣಿನ ದಪ್ಪ ಗೋಡೆ, ಮರದ ತೊಲೆ, ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಅಪ್ಪನ ಕಾಲಕ್ಕೆ ಅಣ್ಣತಮ್ಮಂದಿರು ಪಾಲಾದಾಗ ಮನೆಯನ್ನು ಉದ್ದಕ್ಕೆ ಸೀಳಿ ಹಂಚಿಕೊಂಡರು. ನಮಗೆ ಬಂದದ್ದು ರಸ್ತೆಯ ಕಡೆ 14 ಅಡಿ ಅಗಲ, ಒಳಕ್ಕೆ 48 ಅಡಿ ಉದ್ದದ ಪಟ್ಟಿ. ಯಾರೂ ಇರದ ಮಾಳಿಗೆ ಎಷ್ಟು ದಿನ ನಿಂತೀತು? ಒಂದು ಮಳೆಗಾಲಕ್ಕೆ ಸೋರಿತು, ಮುಂದಿನದಕ್ಕೆ ಕುಸಿಯಿತು. ಎಡಕ್ಕೆ ಔಷಧಿ ಅಂಗಡಿಯ ಎರಡಂತಸ್ತಿನ ಆರ್‌ಸಿಸಿ ಕಟ್ಟಡ ಎದ್ದಿತು, ಬಲಕ್ಕೆ ಕಾಕಾನ ಪಾಲಿನ ಮಣ್ಣಿನ ಗೋಡೆ ಹಾಗೇ ಉಳಿಯಿತು. ನಡುವೆ ನಮ್ಮ ಜಾಗದಲ್ಲಿ ಜಾಲಿ ಬೆಳೆದು, ಪೇಟೆಯ ಕಸವೆಲ್ಲ ಅಲ್ಲಿಗೇ ಬಂದು ಬೀಳುತ್ತಿತ್ತು.

ಇಂಥ ಪಟ್ಟಿಗಳು ನಮ್ಮ ಭಾಗದ ಹಳೆಯ ಪೇಟೆಗಳಲ್ಲೆಲ್ಲ ಕಾಣುತ್ತವೆ. ಹುಮನಾಬಾದಿನಲ್ಲಿ ನೋಡಿ, ಬಸವಕಲ್ಯಾಣದ ಕೋಟೆಯ ಕಡೆಯ ಓಣಿಗಳಲ್ಲಿ ನೋಡಿ. ಮನೆಯವರು ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗಿರುತ್ತಾರೆ, ಪಾಲಿನ ತಕರಾರು ತೀರಿರುವುದಿಲ್ಲ, ಎರಡು ಕಟ್ಟಡಗಳ ನಡುವೆ ನೆಲ ಸುಮ್ಮನೆ ಬಿದ್ದಿರುತ್ತದೆ. ಊರ ಹೊರಗೆ ಹೊಲ ಕೊರೆದು ಲೇಔಟ್ ಮಾಡುವ ಮುನ್ನ ಈ ನೆಲಗಳನ್ನು ಬಳಸಬೇಕು ಎಂಬುದು ಕಟ್ಟಡದ ಕೆಲಸದಲ್ಲಿ ಇಷ್ಟು ವರ್ಷ ಕಳೆದ ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ರಸ್ತೆ ಇದೆ, ಕರೆಂಟ್ ಕಂಬ ಇದೆ, ನಳ ಇದೆ, ಜನ ದಿನಾ ಓಡಾಡುತ್ತಾರೆ.

2018ರಲ್ಲಿ ತಮ್ಮ ಫೋನ್ ಮಾಡಿದ. ನಾನಾಗ ಬೆಂಗಳೂರಿನಲ್ಲಿದ್ದೆ. ಸಿವಿಲ್ ಡಿಪ್ಲೊಮಾ ಮುಗಿಸಿ 1994ರಲ್ಲಿ ಅಲ್ಲಿಗೆ ಹೋದವಳು, ನಕ್ಷೆ ಬರೆಯುತ್ತಲೇ ಬದುಕು ಕಟ್ಟಿಕೊಂಡಿದ್ದೆ.

"ಅಕ್ಕಾ, ಪ್ಯಾಟ್ಯಾಗಿನ ಜಾಗಾದಾಗ ಫಾಸ್ಟ್‌ಫುಡ್ ಹಾಕಬೇಕಂತ ಮಾಡೀನಿ. ನಕ್ಷಾ ನೀನೇ ತಗದು ಕೊಡಬೇಕು" ಅಂದ.

ಅವನ ಲೆಕ್ಕ ಅವನಿಗಿತ್ತು. 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ರೈಲು ಮಾರ್ಗವನ್ನು ಪ್ರಧಾನಿ ಉದ್ಘಾಟಿಸಿ ಹೋಗಿದ್ದರು. ಹುಮನಾಬಾದಿನ ಮೇಲೆ ಪುಣೆ–ಹೈದರಾಬಾದ್ ಹೆದ್ದಾರಿ ಹಾಯ್ದಿದೆ. ಊರ ಹತ್ತಿರ ಸಹಕಾರಿ ಸಕ್ಕರೆ ಕಾರ್ಖಾನೆ ಇತ್ತು. ಶಾಲೆ, ಕಾಲೇಜು, ಬ್ಯಾಂಕು, ದವಾಖಾನೆ ಎಂದು ಸುತ್ತಲಿನ ಹಳ್ಳಿಯವರು ಹಳ್ಳಿಖೇಡಕ್ಕೆ ಬರುತ್ತಲೇ ಇರುತ್ತಾರೆ. ಬಂದವರಿಗೆ ಬೇಗ ಸಿಗುವ, ಅಗ್ಗದ, ಬಿಸಿ ನಾಷ್ಟಾ ಬೇಕು. ಅವನ ಕಣ್ಣ ಮುಂದಿದ್ದ ಚಿತ್ರ ಬೀದರಿನ ಸಂಜೆಯ ಗಾಡಿಗಳದು: ದೊಡ್ಡ ಉರಿ, ಕಬ್ಬಿಣದ ಕಡಾಯಿ, ಎಗ್ ರೈಸ್, ಗೋಬಿ ಮಂಚೂರಿ. ಗಾಡಿಯನ್ನೇ ಸಿಮೆಂಟಿನಲ್ಲಿ ಕಟ್ಟಿ ಮುಂದೆ ಷಟರ್ ಹಾಕಿದರೆ ಹೋಟೆಲ್ ಆಯಿತು ಎಂದು ಅವನು ತಿಳಿದಿದ್ದ.

ನನ್ನ ಕಣ್ಣ ಮುಂದೆ ಬಂದದ್ದು ಬೇರೆ.

ಚಿಕ್ಕವಳಿದ್ದಾಗ ಅಪ್ಪ, ಅವ್ವ, ತಮ್ಮನ ಜೊತೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ, ಮಾಣಿಕನಗರದ ಮಾಣಿಕಪ್ರಭುಗಳ ಗುಡಿಗೆ ಹೋಗುತ್ತಿದ್ದೆ. ಬಸ್ಸಿಳಿದ ಮೇಲೆ ಅಪ್ಪ ತಮ್ಮನ ಕೈಹಿಡಿದು ಹೋಟೆಲ್ ಒಳಗೆ ಹೋಗುತ್ತಿದ್ದ. ನಾನೂ ಅವ್ವನೂ ಹೊರಗೆ ಬೇವಿನ ಗಿಡದ ಕೆಳಗೆ. ಸ್ವಲ್ಪ ಹೊತ್ತಿಗೆ ಪೇಪರಿನಲ್ಲಿ ಕಟ್ಟಿದ ಭಜಿ ಬರುತ್ತಿತ್ತು. ಅಪ್ಪ ಕೆಟ್ಟವನಲ್ಲ, ನಮ್ಮನ್ನು ಹಸಿದಿರಲು ಬಿಟ್ಟವನೂ ಅಲ್ಲ. ಹೋಟೆಲ್ ಗಂಡಸರ ಜಾಗ, ಅಷ್ಟೇ. ಬೆಂಚಿನ ಮೇಲೆ ತೊಡೆಗೆ ತೊಡೆ ತಾಗಿಸಿ ಕೂರಬೇಕು, ಬೀಡಿ ಹೊಗೆ, ಗಲಾಟೆ. ಅಲ್ಲಿ ಹೆಣ್ಣುಮಗಳೊಬ್ಬಳು ಹೋಗಿ ಎಲ್ಲಿ ಕೂತಾಳು? ಕೆಲವು ಹೋಟೆಲುಗಳಲ್ಲಿ ಮೂಲೆಗೊಂದು ಪರದೆ ಕಟ್ಟಿದ ಫ್ಯಾಮಿಲಿ ರೂಮ್ ಇರುತ್ತಿತ್ತು. ಗಾಳಿಯಿಲ್ಲ, ಬೆಳಕಿಲ್ಲ, ಗೋಡೆಗೆ ಎಲೆ ಅಡಿಕೆಯ ಕಲೆ. ಗಂಡ ಜೊತೆಗಿದ್ದರೆ ಮಾತ್ರ ಅಲ್ಲಿಗೆ ಪ್ರವೇಶ ಎಂಬುದನ್ನು ಯಾರೂ ಬರೆದು ಹಾಕಬೇಕಿರಲಿಲ್ಲ.

ಅವ್ವನಿಗೆ ವಯಸ್ಸಾದ ಮೇಲೆ ಒಮ್ಮೆ ಅವಳನ್ನು ಬೀದರಿನ ದವಾಖಾನೆಗೆ ಕರೆದೊಯ್ದಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವಳ ಬಾಯಿ ಒಣಗಿ ಮಾತೇ ಹೊರಡದಂತಾಯಿತು. ನೀರು ಕುಡಿ ಅಂದೆ.

"ಮುಂಜಾನಿಂದ ನೀರೇ ಕುಡದಿಲ್ಲವ್ವಾ. ಕುಡದರ ಎಲ್ಲಿ ಹೋಗ್ಲಿ?" ಅಂದಳು.

ಊರು ಬಿಟ್ಟು ಹೊರಟ ದಿನಗಳಲ್ಲೆಲ್ಲ ಅವಳು ಹೀಗೇ ಇದ್ದಳು ಎಂದು ನನಗೆ ಆಗಲೇ ಗೊತ್ತಾದದ್ದು. ರೊಟ್ಟಿ, ಶೇಂಗಾ ಹಿಂಡಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ತಿನ್ನುವುದು, ನೀರು ಮುಟ್ಟದೇ ಸಂಜೆ ಮನೆ ಸೇರುವುದು.

ನಾನು ಮೊದಲ ಸಲ ಒಬ್ಬಳೇ ಹೋಟೆಲಿಗೆ ಹೋಗಿ ತಿಂದದ್ದು ಬೆಂಗಳೂರಿಗೆ ಹೋದ ಮೇಲೆ, ಒಂದು ದರ್ಶಿನಿಯಲ್ಲಿ. ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ತಗೊಂಡೆ, ಇಡ್ಲಿ ಬಂತು, ಎತ್ತರದ ಟೇಬಲ್ಲಿನ ಮುಂದೆ ನಿಂತೆ. ಯಾರೂ ಯಾರನ್ನೂ ನೋಡಲಿಲ್ಲ. ಪಕ್ಕದಲ್ಲಿ ಆಫೀಸಿಗೆ ಹೊರಟ ಹೆಂಗಸು, ಎದುರಿಗೆ ಆಟೋದವರು, ಬ್ಯಾಗ್ ಹೊತ್ತ ಹುಡುಗ. ಯಾವ ಜಾತಿ, ಯಾರ ಮನೆಯವಳು ಎಂಬ ಪ್ರಶ್ನೆ ಅಲ್ಲಿ ಹುಟ್ಟುವಷ್ಟು ಪುರುಸೊತ್ತೇ ಇಲ್ಲ. ಆ ಹತ್ತು ನಿಮಿಷದಲ್ಲಿ ನನಗೆ ಸಿಕ್ಕ ಧೈರ್ಯವನ್ನು ನಾನು ಈವರೆಗೂ ಮರೆತಿಲ್ಲ.

ಆಮೇಲೆ ಕೆಲಸದ ಕಣ್ಣಿನಿಂದ ದರ್ಶಿನಿಗಳನ್ನು ಅಳೆದು ನೋಡತೊಡಗಿದೆ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದರು. ಹೊರದೇಶದ ಫಾಸ್ಟ್‌ಫುಡ್ ಅಂಗಡಿಗಳನ್ನು ಕಂಡವರು ಅಲ್ಲಿನ ತಿಂಡಿಯನ್ನು ಬಿಟ್ಟು ಅಲ್ಲಿನ ಕ್ರಮವನ್ನು ಮಾತ್ರ ತಂದರು: ಮೊದಲು ದುಡ್ಡು, ನಾವೇ ತಂದುಕೊಳ್ಳುವುದು, ನಿಂತು ತಿನ್ನುವುದು, ಅಡುಗೆ ಕಣ್ಣಿಗೆ ಕಾಣುವಂತಿರುವುದು. ತಿಂಡಿ ನಮ್ಮದೇ. ಅದಕ್ಕೂ ಮುಂಚೆ, 1965ರಿಂದ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಪುಟ್ಟ ಜಾಗದಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ ಇಷ್ಟನ್ನೇ ನಂಬಿ ನಡೆದುಕೊಂಡು ಬಂದಿತ್ತು. ಸಾಂಬಾರೂ ಇಲ್ಲ, ಚಟ್ನಿ ಮಾತ್ರ. ಪದಾರ್ಥ ಕಡಿಮೆಯಾದಷ್ಟೂ ಒಲೆ ಕಡಿಮೆ, ಪಾತ್ರೆ ಕಡಿಮೆ, ತೊಳೆಯುವ ನೀರು ಕಡಿಮೆ, ಜಾಗ ಕಡಿಮೆ. ಇಕ್ಕಟ್ಟಿನ ಜಾಗದಲ್ಲಿ ಹೋಟೆಲ್ ಮಾಡುವವರು ಮೊದಲು ಕಲಿಯಬೇಕಾದದ್ದು ಇದು.

ನಾನು ಬೆಂಗಳೂರಿಗೆ ಹೋದ ಮರುವರ್ಷ, 1995ರಲ್ಲಿ, ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಅದನ್ನು ಬಲವಾಗಿ ವಿರೋಧಿಸಿತು. 1996ರ ಜನವರಿಯಲ್ಲಿ ಅಂಗಡಿಯ ಮೇಲೆ ದಾಳಿಯೂ ನಡೆಯಿತು. ಫಾಸ್ಟ್‌ಫುಡ್ ಎಂದರೆ ಹೊರಗಿನದು ಎಂಬ ಮಾತು ಆಗ ಎಲ್ಲ ಕಡೆ. ರೈತರ ಆತಂಕಕ್ಕೆ ಕಾರಣಗಳಿದ್ದವು, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಬೇಗ ತಿಂದು ಹೋಗುವ ಊಟ ನಮಗೆ ಹೊಸದೇನಲ್ಲ. ಚುರುಮುರಿ ನೆನೆಸಿ ಒಗ್ಗರಣೆ ಕೊಟ್ಟು ಮಾಡುವ ಸುಸಲಾಕ್ಕೆ ಹಿಡಿಯುವುದು ಎಷ್ಟು ಹೊತ್ತು? ಅದರ ಜೊತೆಗೆ ಬಿಸಿ ಮಿರ್ಚಿ ಭಜಿ ಇದ್ದರೆ ಬೀದರ್–ಕಲಬುರಗಿ ಕಡೆಯ ಮನುಷ್ಯ ಬೇರೇನೂ ಕೇಳುವುದಿಲ್ಲ.

ತಮ್ಮನ ಫೋನ್ ಬಂದ ಮೇಲೆ ಊರಿಗೆ ಹೋದೆ. ಜಾಲಿ ಕಡಿಸಿ, ಟೇಪು ಹಿಡಿದೆವು. ಗೌಂಡಿ ಚಾಚಾ ನಮ್ಮ ಊರಿನ ಅರ್ಧ ಮನೆಗಳನ್ನು ಕಟ್ಟಿದವರು. ನಾನು ಕಂಬಗಳ ಲೆಕ್ಕ ಹಾಕುತ್ತಿದ್ದರೆ ಅವರು ನೆಲ ನೋಡುತ್ತ ನಿಂತಿದ್ದರು. "ಪೈಲೆ ಪಾನಿ ಕಾ ರಸ್ತಾ ಬೋಲೋ ಬೇಟಿ" ಅಂದರು. ಮೊದಲು ನೀರಿನ ದಾರಿ ಹೇಳು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾವ ಎಂಜಿನಿಯರೂ ಕೇಳಿರಲಿಲ್ಲ.

ನೀರಿನ ದಾರಿ ಸುಲಭವಿರಲಿಲ್ಲ. ಊರಲ್ಲಿ ಆಗ ಒಳಚರಂಡಿ ಇರಲಿಲ್ಲ. ನಮ್ಮ ಜಾಗದ್ದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಇಂಗುಗುಂಡಿ ತೋಡಿದರೆ ನಾಲ್ಕು ದಿನಕ್ಕೆ ತುಂಬಿ ನಿಲ್ಲುತ್ತದೆ. ಹಾಗಾಗಿ ಸೆಪ್ಟಿಕ್ ಟ್ಯಾಂಕ್ ಬೇಕೇ ಬೇಕು, ಆಗಾಗ ಅದನ್ನು ಖಾಲಿ ಮಾಡಿಸಲೂ ಬೇಕು. ಎಲ್ಲರೂ ಅದನ್ನು ಹಿತ್ತಲಿಗೆ ಹಾಕುತ್ತಾರೆ. ಎರಡು ಗೋಡೆಗಳ ನಡುವಿನ ನಮ್ಮ ಜಾಗದಲ್ಲಿ ಹಿತ್ತಲಿಗೆ ಗಾಡಿ ಹೋಗುವ ದಾರಿಯೇ ಇಲ್ಲ. ಅದಕ್ಕೆ ಟ್ಯಾಂಕನ್ನು ಮುಂದೆ ತಂದೆ. ರಸ್ತೆಗೂ ಮೆಟ್ಟಿಲಿಗೂ ನಡುವೆ ಬಿಟ್ಟ 6 ಅಡಿ ಅಂಗಳದ ಕೆಳಗೆ ಇಟ್ಟು, ಮೇಲೆ ಭದ್ರ ಮುಚ್ಚಳ ಹಾಕುವುದು, ಗಾಡಿ ರಸ್ತೆಯಲ್ಲೇ ನಿಂತು ಕೊಳವೆ ಇಳಿಸುವುದು. ಕುಡಿಯುವ ನೀರಿನ ಸಂಪು ಹಿಂದೆ, ಟ್ಯಾಂಕಿನಿಂದ ಸಾಧ್ಯವಾದಷ್ಟು ದೂರ.

ಶೌಚಾಲಯ ಹಿಂದಿದ್ದು ಟ್ಯಾಂಕ್ ಮುಂದಿದ್ದರೆ ಪೈಪು ಕಟ್ಟಡದ ಉದ್ದಕ್ಕೂ ಬರಬೇಕು. 40 ಅಡಿ ಓಟಕ್ಕೆ ಒಂದಡಿಯಾದರೂ ಇಳಿಜಾರು ಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಅದಕ್ಕಾಗಿ ಇಡೀ ನೆಲವನ್ನೇ ರಸ್ತೆಯಿಂದ 2 ಅಡಿ ಎತ್ತರಿಸಿದೆವು. ಎತ್ತರಿಸಿದ ಮೇಲೆ ಮೆಟ್ಟಿಲು ಬಂತು, ಮೊಣಕಾಲು ನೋವಿನ ಮುದುಕಿಯರಿಗೆ ಗಿಡ್ಡ ಮೆಟ್ಟಿಲು, ಹಿಡಿದು ಹತ್ತಲು ಪಕ್ಕಕ್ಕೊಂದು ಪೈಪು ಬಂತು. ಪಾತ್ರೆ ತೊಳೆದ ಎಣ್ಣೆ ನೀರನ್ನು ಬೇರೆ ಮಾಡಿ, ಜಿಡ್ಡು ಮೇಲೆ ತೇಲಿ ನಿಲ್ಲುವಂಥ ಸಣ್ಣ ತೊಟ್ಟಿಯ ಮೂಲಕ ಹಾಯಿಸಿದೆವು. ಭಜಿ ಕರಿಯುವ ಹೋಟೆಲುಗಳ ಮುಂದಿನ ಮೋರಿ ಯಾಕೆ ಸದಾ ತುಂಬಿರುತ್ತದೆ ಎಂದು ಜನ ಬೈಯುತ್ತಾರೆ. ಕಾರಣ ಈ ತೊಟ್ಟಿ ಇಲ್ಲದಿರುವುದು.

ಇನ್ನು ಗೋಡೆ. ಕಾಕಾನ ಮಣ್ಣಿನ ಗೋಡೆಗೆ ಆಳವಾದ ಪಾಯ ಇಲ್ಲ. ಅದರ ಬುಡದಲ್ಲಿ ಒಮ್ಮೆಲೇ ಉದ್ದಕ್ಕೆ ತೋಡಿದರೆ ಅದು ನಮ್ಮ ಮೇಲೇ ಬೀಳುತ್ತದೆ. ಆ ಬದಿಗೆ ಒಂದೂವರೆ ಅಡಿ ಬಿಟ್ಟೆವು, ಪಾಯದ ಗುಂಡಿಗಳನ್ನು ಒಂದು ಬಿಟ್ಟು ಒಂದರಂತೆ ತೋಡಿ, ತುಂಬಿ, ಆಮೇಲೆ ಉಳಿದವನ್ನು ತೋಡಿದೆವು. ಕಾಕಾನ ಮಾಳಿಗೆ ನೀರು ಆ ಸಂದಿಗೇ ಬೀಳುತ್ತಿತ್ತು. ಅದಕ್ಕೆ ಕಾಲುವೆ ಮಾಡಿ ರಸ್ತೆಯ ಮೋರಿಗೆ ಸೇರಿಸಿದ ಮೇಲೆ ಕಾಕಾನಿಗೂ ಅಪ್ಪನಿಗೂ ಪಾಲಿನ ದಿನದಿಂದ ನಿಂತಿದ್ದ ಮಾತು ಮತ್ತೆ ಶುರುವಾಯಿತು. ಹೊಗೆಯ ಕೊಳವೆಯನ್ನು ಎಡಗಡೆ ಆರ್‌ಸಿಸಿ ಕಟ್ಟಡದ ಬದಿಗೆ ಒಯ್ದು, ಅವರ ಮಾಳಿಗೆಯ ಗೋಡೆಗಿಂತ ಎತ್ತರಕ್ಕೆ ಏರಿಸಿದೆವು. ಬದಿಗಳಲ್ಲಿ ಕಿಟಕಿ ಇಡುವಂತಿಲ್ಲ, ಬೆಳಕು ಮುಂದಿನಿಂದ ಮತ್ತು ಮೇಲಿನಿಂದಲೇ ಬರಬೇಕು. ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತಿತ್ತಲ್ಲ, ಅದನ್ನೇ ದೊಡ್ಡದು ಮಾಡಿ ಮಧ್ಯದಲ್ಲಿ ಇಟ್ಟೆ. ಬಿಸಿ ಗಾಳಿ ಮೇಲೆದ್ದು ಹೋಗಲು ಅದರ ಸುತ್ತ ಜಾಲರಿ. ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಲು ಕಂಡವರಿಗೆ, ತಗಡಿನ ಚಪ್ಪರದ ಕೆಳಗೆ ಕಡಾಯಿ ಇಟ್ಟು ನಿಲ್ಲುವವನ ಗತಿ ಏನೆಂದು ಹೇಳಬೇಕಿಲ್ಲ.

ಎಲ್ಲ ಕಳೆದು ಒಳಗೆ ಉಳಿದದ್ದು ಸುಮಾರು 11 ಅಡಿ ಅಗಲ. ಅದರಲ್ಲಿ 3 ಅಡಿಯ ಓಣಿಯೊಂದನ್ನು ಮುಂದಿನಿಂದ ಹಿಂದಿನವರೆಗೆ ಎಳೆದಾಗ ತಮ್ಮ ನಕ್ಷೆಯ ಮೇಲೆ ಕೈಯಿಟ್ಟ.

"ಇದ್ಯಾಕಕ್ಕಾ?"

"ಶೌಚಾಲಯಕ್ಕ ಹೋಗಾಕ. ಅಡಿಗಿ ಮನಿ ದಾಟಿ ಹೋಗಬಾರದು, ತಿನ್ನೋರ ನಡುವಿಂದ ಹೋಗಬಾರದು."

"ಇಷ್ಟು ಜಾಗಾ ಹೋದರ ಮೂರು ಟೇಬಲ್ ಹೋದಾವ. ಹೆಣ್ಮಕ್ಕಳು ಹೋಟೆಲಿಗಿ ಎಲ್ಲಿ ಬರ್ತಾರ?"

ಅವ್ವ ಅಲ್ಲೇ ಕೂತು ಜ್ವಾಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು, "ನೀ ಜಾಗಾ ಮಾಡಿದ್ದರ ನಾ ಬರ್ತಿದ್ದೆ" ಅಂದಳು. ತಮ್ಮ ಮಾತಾಡಲಿಲ್ಲ. ಓಣಿ ಉಳಿಯಿತು.

ಇಷ್ಟು ಬರೆದ ಮೇಲೆ ಅಕ್ಕಮಹಾದೇವಿಯನ್ನು ನೆನೆಯದೇ ಮುಂದೆ ಹೋಗಲಾರೆ. ಹನ್ನೆರಡನೇ ಶತಮಾನದಲ್ಲಿ ಉಡುತಡಿಯಿಂದ ಒಬ್ಬಳೇ ಹೊರಟ ಹೆಣ್ಣುಮಗಳು ನಡೆದು ಬಂದು ಸೇರಿದ್ದು ನಮ್ಮ ಕಲ್ಯಾಣವನ್ನು. ಬಂದವರಿಗೆಲ್ಲ ಕುಲ ಕೇಳದೆ ಉಣಬಡಿಸಿದ ದಾಸೋಹದ ನೆಲ ಇದು. ಅದೇ ನೆಲದಲ್ಲಿ, ಬಸ್ಸಿಳಿದ ಹೆಂಗಸು ಬಾಯಾರಿಕೆ ಅದುಮಿಕೊಂಡು ಸಂಜೆವರೆಗೆ ತಿರುಗುತ್ತಾಳೆ ಎಂಬುದು ನನಗೆ ಸಹಿಸಲಾಗದ ಮಾತು.

ಕೂರುವ ವ್ಯವಸ್ಥೆಯಲ್ಲೂ ದರ್ಶಿನಿಯನ್ನು ಇದ್ದಂತೆ ತರಲಿಲ್ಲ. ಮೂರೂವರೆ ಅಡಿ ಎತ್ತರದ ಟೇಬಲ್ ಅವಸರದ ಗಂಡಸಿಗೆ ಸರಿ. ಕಂಕುಳಲ್ಲಿ ಕೂಸು ಇದ್ದವಳಿಗೆ, ದವಾಖಾನೆಯಿಂದ ಬಂದ ಮುದುಕಿಗೆ ಕೂರಬೇಕು. ಬಲಗೋಡೆಯ ಉದ್ದಕ್ಕೆ ಶಹಾಬಾದಿ ಫರ್ಸಿಯ ಕಟ್ಟೆ ಮಾಡಿಸಿದೆ. ನೆಲಕ್ಕೂ ಅದೇ ಫರ್ಸಿ. ನಮ್ಮ ಕಡೆ ಅಗ್ಗ, ತೊಳೆದರೆ ತಣ್ಣಗಿರುತ್ತದೆ, ಪಾಲಿಶ್ ಮಾಡದೆ ಬಿಟ್ಟರೆ ಜಾರುವುದಿಲ್ಲ. ಪರದೆಯ ರೂಮ್ ಬೇಡ ಎಂದು ಗಟ್ಟಿಯಾಗಿ ಹೇಳಿದೆ. ಕಟ್ಟೆ ತೆರೆದೇ ಇರಬೇಕು, ರಸ್ತೆಯಿಂದ ಕಾಣಬೇಕು. ಒಬ್ಬ ಹೆಂಗಸು ಕೂತು ತಿನ್ನುವುದನ್ನು ಇನ್ನೊಬ್ಬ ಹೆಂಗಸು ಕಂಡರೆ ತಾನೂ ಮೆಟ್ಟಿಲು ಹತ್ತುತ್ತಾಳೆ. ಕೈ ತೊಳೆಯುವ ಬೇಸಿನ್‌ಗಳನ್ನು ಎರಡು ಎತ್ತರಕ್ಕೆ ಇಟ್ಟೆವು, ಒಂದು ಮಕ್ಕಳಿಗೆ.

ಅಡುಗೆಯಲ್ಲಿ ಕರಿಯುವ ಕಡಾಯಿ ಮತ್ತು ಚಹಾದ ಒಲೆ ಮುಂದೆ, ಉಳಿದದ್ದೆಲ್ಲ ಹಿಂದೆ. 19 ಕೆ.ಜಿ.ಯ ಸಿಲಿಂಡರುಗಳು ಹೊರಗಿನ ಗಾಳಿಗೆ ತೆರೆದ ಜಾಲರಿ ಗೂಡಿನಲ್ಲಿ, ಒಳಗೆ ಪೈಪು ಮಾತ್ರ. ಆಹಾರ ಸುರಕ್ಷತೆಯ ನೋಂದಣಿಗೆ ಆಗ ವರ್ಷಕ್ಕೆ 100 ರೂಪಾಯಿ, 12 ಲಕ್ಷದವರೆಗಿನ ವಹಿವಾಟಿನವರಿಗೆ ಅಷ್ಟೇ ಸಾಕಿತ್ತು; ಅದಕ್ಕೂ ಹೆದರಿ ಏಜೆಂಟರ ಕೈಗೆ ಸಾವಿರಾರು ಕೊಡುವವರನ್ನು ನೋಡಿದ್ದೇನೆ.

ಏನು ಮಾರಬೇಕು ಎಂಬುದರಲ್ಲಿ ತಮ್ಮನೂ ನಾನೂ ಅರ್ಧರ್ಧ ಗೆದ್ದೆವು. ಮುಂಜಾನೆ ಇಡ್ಲಿ, ಉಪ್ಪಿಟ್ಟು, ಸುಸಲಾ, ಮಿರ್ಚಿ; ಸಂಜೆ ಅವನ ಎಗ್ ರೈಸ್, ಗೋಬಿ. ಮಧ್ಯಾಹ್ನಕ್ಕೆ ಖಡಕ್ ರೊಟ್ಟಿ. ಇದನ್ನು ಹೇಳಿದಾಗ ಅವನಿಗೆ ನಂಬಿಕೆ ಬರಲಿಲ್ಲ. ಆದರೆ ಯೋಚಿಸಿ: ತೆಳ್ಳಗೆ ಬಡಿದು ಒಣಗಿಸಿದ ಜೋಳದ ರೊಟ್ಟಿ ವಾರಗಟ್ಟಲೆ ಇರುತ್ತದೆ, ಗಿರಾಕಿ ಬಂದಾಗ ಒಲೆ ಹಚ್ಚುವ ಕೆಲಸವಿಲ್ಲ. ಮೇಲೆ ಮೊಸರು, ಶೇಂಗಾ ಹಿಂಡಿ, ಪಕ್ಕಕ್ಕೆ ಬಿಸಿ ಬ್ಯಾಳಿ. ಒಂದು ನಿಮಿಷಕ್ಕೆ ತಟ್ಟೆ ತಯಾರು. ರೊಟ್ಟಿ ಬಡಿಯುವ ಕೈಗಳು ನಮ್ಮ ಓಣಿಯ ಮನೆಗಳಲ್ಲೇ ಇದ್ದವು, ಅವರಿಗೂ ನಾಲ್ಕು ಕಾಸು ಆಯಿತು. ಈಗ ಮಹಿಳಾ ಸಂಘಗಳು ಮಾಡುವ 'ಕಲಬುರಗಿ ರೊಟ್ಟಿ' ದೂರದೂರಿಗೂ ಹೋಗುತ್ತಿರುವುದನ್ನು ಕಂಡಾಗ ನನಗೆ ಆಗುವ ಖುಷಿ ದೊಡ್ಡದು.

ಹೋಟೆಲ್ ತೆರೆದ ಮೊದಲಿಗೆ ಹೆಂಗಸರು ಬಂದದ್ದು ಪಾರ್ಸಲ್ಲಿಗೆ. ಮೆಟ್ಟಿಲ ಕೆಳಗೇ ನಿಂತು ಕೈಚಾಚುತ್ತಿದ್ದರು. ಅವ್ವ ದಿನಾ ಮಧ್ಯಾಹ್ನ ಹೋಗಿ ಕಟ್ಟೆಯ ಮೇಲೆ ಕೂತು ರೊಟ್ಟಿ ಉಣ್ಣತೊಡಗಿದಳು. ಗುರುತಿನವರನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡಳು. ಆಮೇಲೆ ಆಶಾ ಕಾರ್ಯಕರ್ತೆಯರು, ಕಾಲೇಜಿನ ಹುಡುಗಿಯರು, ನರ್ಸ್‌ಗಳು ಬಂದರು. 2020ರ ಲಾಕ್‌ಡೌನ್ ಎಲ್ಲವನ್ನೂ ಮುಚ್ಚಿಸಿತು. ತಮ್ಮ ಸಾಲ ಮಾಡಿ ತಡೆದುಕೊಂಡ. ತೆರೆದ ಮೇಲೆ ಮೊದಲು ವಾಪಸು ಬಂದದ್ದು ಆ ಕಟ್ಟೆಯ ಗಿರಾಕಿಗಳೇ ಎಂದು ಅವನೇ ಹೇಳಿದ.

ಖಾಲಿ ನೆಲದ ಮಾತಿಗೆ ಮತ್ತೆ ಬಂದರೆ, 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಇಂದಿರಾ ಕ್ಯಾಂಟೀನ್ ಶುರುವಾದಾಗ ಹೊರಗೆ ಎರಕ ಹೊಯ್ದು ತಂದ ಗೋಡೆಗಳನ್ನು ವಾರ್ಡಿನ ಖಾಲಿ ಜಾಗಗಳಲ್ಲಿ ನಿಲ್ಲಿಸಿ ಕೆಲವೇ ದಿನಗಳಲ್ಲಿ ಕಟ್ಟಡ ಎಬ್ಬಿಸಿದ್ದನ್ನು ನೋಡಿದ್ದೆ. 5 ರೂಪಾಯಿಗೆ ನಾಷ್ಟಾ, 10 ರೂಪಾಯಿಗೆ ಊಟ. ಖಾಲಿ ನೆಲಕ್ಕೆ ಅದಕ್ಕಿಂತ ಒಳ್ಳೆಯ ಉಪಯೋಗ ಕಡಿಮೆ. ಮನಸ್ಸು ಮಾಡಿದರೆ ಸರ್ಕಾರಕ್ಕೂ ಆಗುತ್ತದೆ, ಒಬ್ಬ ತಮ್ಮನಿಗೂ ಆಗುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ಬೀದರ್, ಹುಮನಾಬಾದ್, ಬಸವಕಲ್ಯಾಣದ ಬಸ್ಸುಗಳಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಸೀಟು ಅವರದೇ ಎಂಬಂತೆ ಕಾಣುತ್ತದೆ. ಅವರು ಇಳಿದ ಮೇಲೆ ಎಲ್ಲಿ ಕೂರಬೇಕು, ಎಲ್ಲಿ ಉಣ್ಣಬೇಕು, ಎಲ್ಲಿಗೆ ಹೋಗಬೇಕು? ನಮ್ಮ ಭಾಗದಲ್ಲಿ ಹೊಸದಾಗಿ ನಾಷ್ಟಾ ಅಂಗಡಿ, ಫಾಸ್ಟ್‌ಫುಡ್ ಹಾಕುವ ಹುಡುಗರನ್ನು ಕೇಳಿಕೊಳ್ಳುತ್ತೇನೆ: ನಕ್ಷೆಯಲ್ಲಿ ಬೋರ್ಡಿನ ಜಾಗ ಗುರುತು ಮಾಡುವ ಮೊದಲು ಒಳಗಿನಿಂದ ಚಿಲಕ ಹಾಕುವ, ನೀರಿರುವ ಶೌಚಾಲಯದ ಜಾಗ ಗುರುತು ಮಾಡಿ. ಪುರಸಭೆಯವರನ್ನು ಕೇಳಿಕೊಳ್ಳುತ್ತೇನೆ: ಹೋಟೆಲಿಗೆ ಪರವಾನಗಿ ಕೊಡುವ ದಿನ ಒಮ್ಮೆ ಹೋಗಿ ಆ ಬಾಗಿಲು ತೆರೆದು ನೋಡಿ, ಆಮೇಲೆ ಸಹಿ ಹಾಕಿ.